ಎರಡು ಸಿಲಿಂಡರ್, ಒಂದು ಟ್ಯೂಬಿನ ಪಟ್ಟಿ

ಟಯರಿನ ಹಳೇ ಟ್ಯೂಬಿನ ಒಂದು ತುಂಡಿನಿಂದ ಚಿದಾನಂದ ಡೈವಿಂಗ್ ಜಾಕೆಟನ್ನೇ ಬದಲಿಸಿಬಿಟ್ಟ ಎಂಬ ಕಥೆ ಪುತ್ತೂರಿನಿಂದ ಸುಳ್ಯದವರೆಗೆ ಓಡಾಡುತ್ತಿದೆ. ಹೇಳುವವರಿಗೆ ನನ್ನ ಪ್ರಶ್ನೆಗಳಿವೆ. ಆ ಟ್ಯೂಬನ್ನು ಅವನು ಮೊದಲು ಎಲ್ಲಿ ಕಟ್ಟಿದ್ದ? ಕಟ್ಟಿದ ಮೇಲೆ ಏನಾಯಿತು? ಈಗಿರುವ ಜಾಗಕ್ಕೆ ಅದು ಹೇಗೆ ಬಂತು? ಇದಕ್ಕೆಲ್ಲ ಉತ್ತರವಿಲ್ಲದ ಕಥೆ ಹೇಳಿದವರನ್ನು ನಾನು ಮಾತಾಡುತ್ತಿದ್ದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಗಂಟೆ ಬಾರಿಸಿ ಕೂರಿಸುತ್ತಿದ್ದರು. ಊರಿನಲ್ಲಿ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಹೊಟ್ಟೆಕಿಚ್ಚು ಎನ್ನುವವರಿದ್ದಾರೆ. ಇದೆ, ಒಪ್ಪುತ್ತೇನೆ. ಹೊಟ್ಟೆಕಿಚ್ಚಿದೆ ಎಂದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ.

ಕಳೆದ ಬೇಸಿಗೆಯ ಮಾತು. ಪುತ್ತೂರಿನ ಸಣ್ಣದೊಂದು ಡೈವಿಂಗ್ ತಂಡದಲ್ಲಿ ನಾನು ಡೈವರ್. ಉಪಕರಣಗಳ ಉಸ್ತುವಾರಿಯೂ ನನ್ನದೇ. ಕೊಲ್ಲಮೊಗ್ರಿನ ಚಿದಾನಂದನೂ ಡೈವರ್. ಇಬ್ಬರೂ ಒಂದೇ ಕಡೆ ಕಲಿತವರು, ಇಬ್ಬರದೂ ಒಂದೇ ಸರ್ಟಿಫಿಕೇಟ್. ಯಾರು ನೀರಿಗಿಳಿಯಬೇಕು ಎಂದು ಹೇಳುವವರು ಮಾತ್ರ ತಂಡದ ಯಜಮಾನ ಬಾಲಣ್ಣ.

ಕಾಣಿಯೂರಿನ ಕೆಳಗೆ ಹೊಳೆಯಿಂದ ಕುಡಿಯುವ ನೀರೆತ್ತುವ ಬಾವಿಯೊಂದಕ್ಕೆ ನೀರು ಬರುವುದು ನಿಂತಿತ್ತು. ಹೊಳೆಗೂ ಬಾವಿಗೂ ನಡುವಿನ ಕಾಂಕ್ರೀಟ್ ಸುರಂಗದಲ್ಲಿ ಮರದ ಬೇರು, ಹರಿದ ಬಲೆ ಸಿಕ್ಕಿಕೊಂಡಿದ್ದವು. ಸುರಂಗವೆಂದರೆ ತಲೆಯ ಮೇಲೆ ಚಾವಣಿ; ಉಸಿರಿಗೆ ತೊಂದರೆಯಾದರೆ ನೇರ ಮೇಲೆ ಬರುವಂತಿಲ್ಲ. ಆದ್ದರಿಂದ ಬೆನ್ನಿಗೆ ಎರಡು ಸಿಲಿಂಡರ್, ಒಂದೊಂದಕ್ಕೂ ಉಸಿರಾಡಲು ಬಾಯಿಗಿಡುವ ಪ್ರತ್ಯೇಕ ರೆಗ್ಯುಲೇಟರ್ ಬೇಕು. ಒಂದು ಕೈಕೊಟ್ಟರೆ ಇನ್ನೊಂದು. ಅಂಥ ಕೆಲಸ ನಮ್ಮ ತಂಡಕ್ಕೆ ಮೊದಲನೆಯದು. ಅದನ್ನು ಮಾಡಿದವರು ಮುಂದಕ್ಕೆ ತಂಡದ ಮುಖ್ಯ ಡೈವರ್ ಎಂದು ಬಾಲಣ್ಣ ಮೊದಲೇ ಹೇಳಿದ್ದರು. ನನಗೆ ಅದು ಬೇಕಿತ್ತು. ಚಿದಾನಂದನಿಗೂ.

ನಮ್ಮ ಜಾಕೆಟ್‌ಗಳೋ ಒಂದೇ ಸಿಲಿಂಡರಿನವು. ಸಿಲಿಂಡರನ್ನು ಬೆನ್ನಿಗೆ ಹಿಡಿದಿಡುವುದು ಜಾಕೆಟ್‌ನ ಒಂದು ಕೆಲಸ. ಇನ್ನೊಂದು, ಒಳಗಿನ ಚೀಲಕ್ಕೆ ಸಿಲಿಂಡರಿನಿಂದಲೇ ಗಾಳಿ ತುಂಬಿಸಿಕೊಂಡು ಡೈವರನ್ನು ತೇಲಿಸುವುದು. ನಾನು ಸವಣೂರಿನ ವೆಲ್ಡಿಂಗ್ ಶಾಪಿನಲ್ಲಿ ಕೂತು ಒಂದು ಸ್ಟೀಲ್ ಪ್ಲೇಟ್ ಮಾಡಿಸಿದೆ. ಜಾಕೆಟ್‌ನ ಬೆಲ್ಟುಗಳು ಪ್ಲೇಟಿನ ಸೀಳಿನಲ್ಲಿ ತೂರುತ್ತವೆ. ಎರಡು ಸಿಲಿಂಡರನ್ನೂ ಹಿಡಿದ ಉಕ್ಕಿನ ಬಳೆಗಳು ಅದೇ ಪ್ಲೇಟಿಗೆ ಬೋಲ್ಟ್ ಆಗುತ್ತವೆ.

ಚಿದಾನಂದ ಅದನ್ನು ಬೆನ್ನಿಗೇರಿಸಿ ಸೊಂಟ ತಿರುಗಿಸಿದ; ಸಿಲಿಂಡರುಗಳು ಅತ್ತಿತ್ತ ಓಲಾಡಿದವು. "ತೊನೀತದೆ ಮಾರಾಯ್ತಿ. ಸುರಂಗದಲ್ಲಿ ಹೀಗೆ ತೊನೆದ್ರೆ ಗೋಡೆಗೆ ಬಡಿಯುದೇ."

ತೊನೆಯುತ್ತಿತ್ತು, ನಿಜ. ಆದರೆ ಪರಿಹಾರ? ನಮ್ಮ ಕಡೆ ಬೈಕಿಗೆ ಹಿಂಡಿ ಚೀಲ ಕಟ್ಟುವುದರಿಂದ ಹಿಡಿದು ಮುರಿದ ಪೈಪಿನವರೆಗೆ ಎಲ್ಲ ಕಾಯಿಲೆಗೂ ಒಂದೇ ಮದ್ದು: ಹಳೇ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದೆಳೆದು ಸುತ್ತುವುದು. ಅವನು ಸಿಲಿಂಡರುಗಳನ್ನೂ ಜಾಕೆಟನ್ನೂ ಸೇರಿಸಿ ಬಿಗಿದ.

"ಗಾಳಿಚೀಲಕ್ಕೇ ಉರುಲು ಹಾಕ್ತಿದ್ದಿ. ಅದು ಉಬ್ಬುದು ಹೇಗೆ?" ಎಂದೆ.

"ರಬ್ಬರ್ ಅಲ್ವಾ, ಹಿಗ್ಗುತ್ತದೆ. ನಿನಗೆ ಮೈಕ್ ಕೊಟ್ರೆ ಹೊಳೆಯೇ ಬತ್ತೀತು."

ಬಾಲಣ್ಣ ನಕ್ಕರು. ನಾನು ಇನ್ನೂ ಎರಡು ಅಂಶ ಎತ್ತಿದೆ. "ಸಾಕು ಮಾರಾಯ್ತಿ, ನೀರಿಗೆ ಹಾಕಿ ನೋಡುವ" ಎಂದರು.

ಪರೀಕ್ಷೆ ಬಾಲಣ್ಣನ ಪರಿಚಯದ ಶಂಕರಣ್ಣನ ಕೃಷಿಹೊಂಡದಲ್ಲಿ. ಪ್ಲಾಸ್ಟಿಕ್ ಹಾಸಿದ ಆಳದ ಹೊಂಡ, ಬದಿಗಳೆಲ್ಲ ಪಾಚಿ. ಬಿದ್ದವರು ಹತ್ತಿ ಬರುವುದು ಕಷ್ಟ. ಶಂಕರಣ್ಣ ದಂಡೆಯಲ್ಲಿ ನಿಂತು, "ಎಂತ ಮಾರಾಯ್ರೆ, ಮೀಯಲಿಕ್ಕೂ ಡಬಲ್ ಸಿಲಿಂಡರ್ ಕನೆಕ್ಷನ್ ಉಂಟಾ?" ಎಂದರು.

ಚಿದಾನಂದ ಇಳಿದ. ಪರೀಕ್ಷೆಗೆಂದು ಸಿಲಿಂಡರುಗಳಲ್ಲಿ ಉಳಿಕೆ ಗಾಳಿ ಮಾತ್ರ ಇತ್ತು. ತಳ ಮುಟ್ಟಿದ. ಅಷ್ಟು ಭಾರ ಹೊತ್ತು ಬರೀ ಕಾಲು ಬಡಿದು ಮೇಲೇಳುವಂತಿಲ್ಲ; ಅದಕ್ಕೆ ಜಾಕೆಟ್‌ನ ಬಟನ್ ಒತ್ತಿದ. ರಬ್ಬರ್ ಹಿಗ್ಗಲಿಲ್ಲ. ಚೀಲಕ್ಕೆ ಹಿಡಿಸದ ಗಾಳಿ ಸುರಕ್ಷತಾ ವಾಲ್ವಿನಿಂದ ಬುರುಬುರು ಹೊರಬಂತು. ಮತ್ತೆ ಒತ್ತಿದ, ಮತ್ತೆ ಗುಳ್ಳೆ. ಒಂದೊಂದು ಒತ್ತಿಗೂ ಅವನು ಉಸಿರಾಡಬೇಕಾದ ಗಾಳಿಯೇ ಖಾಲಿಯಾಗುತ್ತಿತ್ತು. ದಂಡೆಯಲ್ಲಿದ್ದವರು ಗುಳ್ಳೆ ಕಂಡು ಎಲ್ಲ ಸರಿಯಿದೆ ಎಂದುಕೊಂಡರು. ಆ ಗುಳ್ಳೆಗಳ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಮಾಸ್ಕ್ ಹಾಕಿ, ಚಾಕು ಹಿಡಿದು ಹಾರಿದೆ.

ಪಟ್ಟಿ ಕತ್ತರಿಸಿದೊಡನೆ, ಉಳಿದಿದ್ದ ಗಾಳಿಯಲ್ಲೇ ಜಾಕೆಟ್ ಉಬ್ಬಿತು. ಇಬ್ಬರೂ ಬೆಂಡಿನ ಹಾಗೆ ಮೇಲೆ ಬಂದೆವು. ಶಂಕರಣ್ಣ ಹಗ್ಗ ಎಸೆದರು. ಚಿದಾನಂದ ಕೆಮ್ಮಿ ಕೆಮ್ಮಿ ಹೇಳಿದ ಮೊದಲ ಮಾತು: "ತೊನೀಲಿಲ್ಲ, ನೋಡಿದ್ಯಾ?"

ಅದೂ ನಿಜ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಮರುದಿನ ನಾನು ಅದೇ ಟ್ಯೂಬಿನ ಪಟ್ಟಿಯನ್ನು ಜಾಕೆಟ್‌ಗೆ ಸೋಕದಂತೆ, ಪ್ಲೇಟಿನ ಹಿಂದೆ ಎರಡು ಸಿಲಿಂಡರುಗಳ ಸುತ್ತ ಮಾತ್ರ ಬಿಗಿದೆ. ಚೀಲ ಪೂರ್ತಿ ಉಬ್ಬಿತು, ಸಿಲಿಂಡರ್ ಅಲುಗಲಿಲ್ಲ. ಅದೇ ಹೊಂಡದಲ್ಲಿ ನಾನೇ ಮುಳುಗಿ ಎದ್ದು ತೋರಿಸಿದೆ.

ಆದರೂ ಬಾಲಣ್ಣ ಸುರಂಗಕ್ಕೆ ಕಳಿಸಿದ್ದು ಅವನನ್ನು. "ಒಮ್ಮೆ ಸಿಕ್ಕಿಬಿದ್ದವ ಜಾಗ್ರತೆ ಮಾಡ್ತಾನೆ" ಎಂದರು. ಸೋಲನ್ನೇ ಅರ್ಹತೆಯೆಂದು ಎಣಿಸುವ ತೀರ್ಪುಗಾರರನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ನಾನು ಸುರಂಗದ ಬಾಯಲ್ಲಿ ಅವನ ಹಗ್ಗ ಹಿಡಿದು ನಿಂತೆ. ಅವನು ಬಲೆ ಕತ್ತರಿಸಿದ, ಬೇರು ಎಳೆದು ಹಾಕಿದ, ಬಾವಿಗೆ ನೀರು ಬಂತು. ಕೆಲಸ ಚೆನ್ನಾಗಿಯೇ ಮಾಡಿದ. ಅದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಳ್ಳುತ್ತೇನೆ. ಅಂದಿನಿಂದ ಅದು 'ಚಿದಾನಂದನ ಜಾಕೆಟ್'. ಕಥೆಯಲ್ಲಿ ಪ್ಲೇಟ್ ಇಲ್ಲ, ಹೊಂಡ ಇಲ್ಲ, ನಾನಂತೂ ಇಲ್ಲವೇ ಇಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ವೇದಿಕೆಯಲ್ಲಿ ವಾದ ಸೋತರೆ ಒಂದು ಕಪ್ ಹೋಗುತ್ತದೆ, ನೀರಿನಡಿ ವಾದ ಬಿಟ್ಟುಕೊಡದಿದ್ದರೆ ಉಸಿರೇ ಹೋಗುತ್ತದೆ. ಇದನ್ನು ಕಲಿಯಬೇಕಾದವಳು ನಾನೊಬ್ಬಳೇ ಅಲ್ಲ ಎನ್ನಲು ನನ್ನ ಬಳಿ ಒಂದು ಸಾಕ್ಷಿ ಇದೆ. ನಮ್ಮ ಸೊಂಟದಲ್ಲಿ ಸೀಸದ ತೂಕದ ಬೆಲ್ಟ್ ಇರುತ್ತದೆ. ಅಪಾಯವಾದರೆ ಬಕಲ್ ಎಳೆದರೆ ಸಾಕು, ಬೆಲ್ಟ್ ಕಳಚಿ ಬೀಳುತ್ತದೆ, ಮನುಷ್ಯ ಮೇಲೇಳುತ್ತಾನೆ. ನಮಗಿಬ್ಬರಿಗೂ ಮೊದಲ ದಿನ ಕಲಿಸಿದ ಪಾಠ. ಆ ದಿನ ಹೊಂಡದ ತಳದಲ್ಲಿ ಚಿದಾನಂದನ ಬಲಗೈ ಬಕಲ್ ಮೇಲೆಯೇ ಇತ್ತು. ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈ ಎಳೆಯಲಿಲ್ಲ.

ಮೊನ್ನೆ ಶೆಡ್ಡಿನಲ್ಲಿ ಅವನು ಆ ಜಾಕೆಟ್ ತೊಳೆಯುತ್ತಿದ್ದಾಗ, ಯಾಕೆ ಎಳೆಯಲಿಲ್ಲ ಎಂದು ಕೇಳಿದೆ. ಅವನು ಪಟ್ಟಿಯ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ, ನಲ್ಲಿ ತಿರುಗಿಸಿ ನೀರು ಜೋರು ಮಾಡಿದ. ಇಲ್ಲಿ ಮತ್ತೆ ಕೇಳುತ್ತೇನೆ: ಚಿದಾನಂದ, ಬಕಲ್ ನಿನ್ನ ಕೈಯಲ್ಲೇ ಇತ್ತಲ್ಲ, ಎಳೆದಿದ್ದರೆ ನಾನು ಹೇಳಿದ್ದು ಸರಿಯೆಂದು ಆಗುತ್ತಿತ್ತು ಅಂತ ಎಳೆಯದೆ ಬಿಟ್ಟದ್ದಾ?