ಗೀಟೆಳೆದ ಎರಡು ವಾಕ್ಯ

ಕರಡಿನ ಎರಡು ವಾಕ್ಯಗಳ ಮೇಲೆ ಕೆಂಪು ಪೆನ್ಸಿಲಿನ ಗೀಟಿತ್ತು. ಲಾಸ್ ಏಂಜಲೀಸಿನಿಂದ ಡ್ರೈವ್ ಮಾಡಿಕೊಂಡು ಬಂದ ನಾನು ಅದನ್ನು ನೋಡಿದ್ದು ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯಲ್ಲಿ, ಒಂದು ಚೀನೀ ಹೋಟೆಲಿನಲ್ಲಿ ನೂಡಲ್ಸ್‌ಗೆ ಕಾಯುತ್ತಿದ್ದಾಗ. ನೂರು ವರ್ಷದ ಹಿಂದಿನ ಒಬ್ಬ ಐರಿಷ್ ಸಮಾಜವಾದಿಯ ಬರಹಗಳ ಸಂಪುಟವನ್ನು ನಾನೂ ಈಗ ಸ್ಯಾನ್ ಡಿಯಾಗೋದ ಮಗನ ಮನೆಗೆ ಬಂದಿರುವ ಮೈಸೂರಿನ ನಿವೃತ್ತ ಪ್ರಾಧ್ಯಾಪಕರೊಬ್ಬರೂ ಸಂಪಾದಿಸುತ್ತಿದ್ದೇವೆ. ಕ್ಯಾಲಿಫೋರ್ನಿಯಾದ ಚೀನೀ ಕೂಲಿಗಳನ್ನು ಆತ ಹೀನಾಯವಾಗಿ ಬೈದ ವಾಕ್ಯಗಳವು.

"ಸರ್, ಇದನ್ನ ಯಾಕೆ ಹೊಡೆದುಹಾಕಿದ್ರಿ?" ಎದುರಿಗೆ ಕೂತಿದ್ದ ಪ್ರಾಧ್ಯಾಪಕರನ್ನು ಕೇಳಿದೆ.

"ಅಷ್ಟು ದೊಡ್ಡ ಮನುಷ್ಯ ಕಣಮ್ಮ. ಯಾವ್ದೋ ಸಿಟ್ಟಲ್ಲಿ ಬರೆದಿರ್ತಾನೆ. ಅವನ ಮಾನ ಉಳಿಸೋಣ."

"ಬೈಸಿಕೊಂಡೋರ ಮಾನ?"

"ಅವರೆಲ್ಲ ಈಗ ಎಲ್ಲಿದಾರೆ?"

ಹೋಟೆಲಿನ ಚೀನೀ ಒಡತಿ ನಮ್ಮ ಲೋಟಗಳಿಗೆ ಟೀ ಸುರಿಯುತ್ತಿದ್ದಳು. ಪ್ರಾಧ್ಯಾಪಕರು ನಗುತ್ತ ಅವಳಿಗೆ ಥ್ಯಾಂಕ್ಸ್ ಹೇಳಿದರು. ನನಗೆ ಮೈ ಉರಿಯಿತು. ದುಡಿಯುವವರೆಲ್ಲ ಒಂದೇ ಎಂದು ಸಂಪುಟಕ್ಕೆ ಮುನ್ನುಡಿ ಬರೆದವರೂ ಇವರೇ.

"ಹಠ ಮಾಡಬೇಡ. ನಿನ್ನ ಮೊದಲನೇ ಪುಸ್ತಕ ಇದು. ಟೈಟಲ್ ಪೇಜಲ್ಲಿ ನನ್ನ ಜೊತೆ ನಿನ್ನ ಹೆಸರೂ ಬರುತ್ತೆ" ಎಂದರು.

ಮರುದಿನ ಬೆಳಿಗ್ಗೆ ಪ್ರಕಾಶಕರಿಗೆ ಇಮೇಲ್ ಬರೆದೆ: ಆ ಎರಡು ವಾಕ್ಯಗಳಿಲ್ಲದ ಪುಸ್ತಕದ ಮೇಲೆ ನನ್ನ ಹೆಸರು ಬೇಡ. ಅದರ ಪ್ರತಿಯನ್ನು ಪ್ರಾಧ್ಯಾಪಕರಿಗೂ ಕಳುಹಿಸಿದೆ.