ಮಹಾದೇವಕ್ಕನ ನಾನಕಟಾಯಿ

ದೀಪಾವಳಿ ಬಾಗಿಲಿಗೆ ಬಂದಿತ್ತು. ಈರಬಸಪ್ಪ ಅತ್ತಿಗೆಯ ಮನೆಗೆ ಬಂದವನೇ ಸೀದಾ ಅಡುಗೆಮನೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ್ದ ಎಣ್ಣೆ ಕಡಾಯಿಯನ್ನು ಇಳಿಸಿಕೊಂಡ. ಒಂದು ಮಾತು ಕೇಳಲಿಲ್ಲ. ಕೇಳಿದರೆ ಎಂಥ ಉತ್ತರ ಬರುತ್ತದೆಂದು ಅವನಿಗೆ ಗೊತ್ತಿತ್ತು.

"ಎಲ್ಲಿಗೆ ಹೊಂಟೈತಿ ನನ್ನ ಕಡಾಯಿ?" ಎಂದಳು ಮಹಾದೇವಕ್ಕ. ಜೋಳ ಹಸನು ಮಾಡುತ್ತಿದ್ದ ಮೊರ ಇನ್ನೂ ಅವಳ ಕೈಯಲ್ಲೇ ಇತ್ತು.

"ನಮ್ಮನಿಗೆ. ಹಬ್ಬ ಮುಗಿದ ಮ್ಯಾಲೆ ತಂದು ಕೊಡ್ತೀನಿ, ವೈನಿ."

"ನಿಮ್ಮನ್ಯಾಗ ಕಡಾಯಿ ಇಲ್ಲೇನು?"

"ಐತಿ. ಆದ್ರ ಇದು ಇಲ್ಲೇ ಇದ್ರ ನೀ ಒಲಿ ಮ್ಯಾಲೆ ಇಡಾಕಿನ. ನಿನ್ನ ಸುದ್ದಿ ನನಗ ಗೊತ್ತಿಲ್ಲೇನು?"

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಎಣ್ಣೆ ಕಡಾಯಿ ಇಡುವುದಿಲ್ಲ. ಹಬ್ಬ ಬಂದರೆ ಓಣಿಯವರೇ ಕರಿಗಡಬು, ಚಕ್ಕುಲಿ ತಾಟಿಗೆ ಹಾಕಿ ಕಳಿಸುತ್ತಾರೆ. ಆ ಮನೆಯವರು ತಾಟು ತೊಳೆದು ಬರಿದೇ ತಿರುಗಿ ಕೊಡುತ್ತಾರೆ. ಬೇರೆ ಕಾಲದಲ್ಲಾದರೆ ಶಲವಡಿ ಊರಿನಲ್ಲಿ ಯಾರೂ ಯಾರ ತಾಟನ್ನೂ ಬರಿದೇ ಕಳಿಸುವವರಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಮಹಾದೇವಕ್ಕನ ಗಂಡ ಶಂಕ್ರಪ್ಪ ಶ್ರಾವಣದಲ್ಲಿ ತೀರಿಕೊಂಡಿದ್ದ. ಈ ಸಲ ಬರಿದಾದ ತಾಟು ಕೊಡುವ ಸರದಿ ಅವಳದು.

ನವಲಗುಂದದ ರೈತ ಬಂಡಾಯದ ಬಿಸಿ ಇನ್ನೂ ಆರಿರದ ವರ್ಷಗಳವು. ಮಹಾದೇವಕ್ಕ ಮೊರ ಕೆಳಗಿಟ್ಟು ಹೇಳಿದಳು: "ನೀರಿನ ಕರ ಕೊಡೂದಿಲ್ಲ ಅಂತ ನವಲಗುಂದಕ್ಕ ಹೋಗಿ ಕಚೇರಿ ಮುಂದ ಕುಂತು ಬಂದಾವ ನೀ. ಆವಾಗ ಯಾರನ್ನ ಕೇಳಿ ಹೋಗಿದ್ದಿ?"

"ಅದು ಸರಕಾರದ ಮಾತು. ಇದು ಓಣಿ ಮಾತು."

"ಸರಕಾರಕ್ಕ ಅಂಜಲಿಲ್ಲ, ಓಣಿಗೆ ಅಂಜತಿ."

"ಓಣ್ಯಾಗ ಬಾಳೇ ಮಾಡಬೇಕಲ್ಲ, ವೈನಿ. ಸರಕಾರದಾಗ ಮಾಡಬೇಕಾಗಿಲ್ಲ," ಎಂದು ಈರಬಸಪ್ಪ ಕಡಾಯಿಯನ್ನು ಕಂಕುಳಲ್ಲಿ ಅವಚಿಕೊಂಡು ಹೊಸ್ತಿಲು ದಾಟಿದ.

ಅವಳು ಸೊಸೆಯಾಗಿ ಈ ಮನೆಗೆ ಬಂದಾಗ ಅವನು ಬರೀ ಉಡದಾರದಲ್ಲಿ ಓಡಾಡುತ್ತಿದ್ದ. ಕಿವಿ ಹಿಂಡಿ ಕಡಾಯಿ ಕಸಿದುಕೊಳ್ಳಬಹುದಿತ್ತು. ಆದರೆ ಗೂಟದ ಹಿಂದೆ ಗೋಡೆಯ ಮೇಲೆ ಉಳಿದಿದ್ದ ಕಪ್ಪು ವರ್ತುಲವನ್ನು ಅವಳು ನೋಡಿದಳು. ಆಮೇಲೆ ತುಟಿ ಸ್ವಲ್ಪ ಓರೆಯಾಯಿತು. ಗಂಡಸರಿಗೆ ಹಬ್ಬ ಎಂದರೆ ಕಡಾಯಿ. ಕಡಾಯಿ ಒಯ್ದರೆ ಹಬ್ಬವನ್ನೇ ಒಯ್ದಂತೆ ಎಂದು ತಿಳಿದಿದ್ದ ಪಾಪ. ನಾನಕಟಾಯಿಗೆ ಕಡಾಯಿ ಯಾಕೆ ಬೇಕು?

ಈ ನಾನಕಟಾಯಿ ಅವಳ ಜೊತೆ ಊರಿಗೆ ಬಂದದ್ದು. ಮದುವೆಯಾದ ಹೊಸತರಲ್ಲಿ ಶಂಕ್ರಪ್ಪ ಹುಬ್ಬಳ್ಳಿಯ ಹತ್ತಿ ಕಾರಖಾನೆಯಲ್ಲಿ ದುಡಿಯುತ್ತಿದ್ದ. ಬಾಜೂ ಮನೆಯ ಮರಿಯಮಬಿ ರಮಜಾನಿಗೆ ಕೆಂಡದ ನಡುವೆ ಇಟ್ಟು ಈ ಬಿಸ್ಕೀಟು ಬೇಯಿಸುತ್ತಿದ್ದಳು. "ತುಪ್ಪ ತಿಕ್ಕೂದರಾಗ ಅವಸರ ಮಾಡಬ್ಯಾಡವಾ, ಅದು ಬೆಳ್ಳಗಾದ ಮ್ಯಾಲೆ ತಾನ ಹೇಳ್ತೈತಿ ಸಾಕು ಅಂತ," ಎಂದು ಕೈ ಹಿಡಿದು ಕಲಿಸಿದಳು. ಕಾರಖಾನೆ ಮುಚ್ಚಿ ಊರಿಗೆ ಮರಳಿದ ಮೇಲೆ ಮಹಾದೇವಕ್ಕ ಮೊದಲ ದೀಪಾವಳಿಗೆ ಅದನ್ನೇ ಮಾಡಿ ಓಣಿಗೆ ಹಂಚಿದಳು. ಮುದುಕಿಯರು ಮೂಸಿ ನೋಡಿ, "ತತ್ತಿ ಹಾಕೀ ಏನಬೇ?" ಎಂದು ಕೇಳಿದ್ದರು. ಕೊರಳ ಲಿಂಗ ಹಿಡಿದು ಇಲ್ಲವೆಂದ ಮೇಲೆಯೇ ಬಾಯಿಗಿಟ್ಟದ್ದು. ಮರುವರ್ಷದಿಂದ ಅವರೇ ಬಂದು, ಯಾವಾಗ ಮಾಡ್ತಿ ಎಂದು ಕೇಳತೊಡಗಿದರು.

ಮಕ್ಕಳಿರಲಿಲ್ಲ. ಹೊಲ ಇದ್ದದ್ದು ಸ್ವಲ್ಪ, ಅದೂ ಮಳೆಯನ್ನೇ ನೆಚ್ಚಿದ್ದು. ಸೀರೆ ಬಂಗಾರದಲ್ಲಿ ಅವಳು ಯಾರ ಸರಿಸಮಕ್ಕೂ ನಿಲ್ಲುವವಳಲ್ಲ. ಆದರೆ ದೀಪಾವಳಿಯ ಒಂದು ದಿನ ಅವಳ ಕೈ ಮೇಲಿರುತ್ತಿತ್ತು, ಓಣಿಯ ಎಲ್ಲ ಕೈಗಳೂ ಕೆಳಗಿರುತ್ತಿದ್ದವು. ಗಂಡ ಹೋದ. ಈಗ ಆ ದಿನವನ್ನೂ ಬಿಟ್ಟುಕೊಡು ಎಂದರೆ ಅವಳು ಬಿಡುವವಳಾಗಿರಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಲಿಂಗಪೂಜೆ ಮುಗಿಸಿ ಅವಳು ಒಲೆಯನ್ನು ಅಂಗಳದಲ್ಲೇ ಹೂಡಿದಳು, ಬೀದಿಗೆ ಕಾಣುವ ಹಾಗೆ. ಹತ್ತಿಕಟ್ಟಿಗೆಯ ಕೆಂಡ ಬಾಳುವುದಿಲ್ಲವೆಂದು ಜಾಲಿಯ ತುಂಡು ಉರಿಸಿದಳು. ಬೀಸುವ ಕಲ್ಲಿಗೆ ಸಕ್ಕರೆ ಹಾಕಿ ಹುಡಿ ಮಾಡಿದಳು. ಪರಾತದಲ್ಲಿ ತುಪ್ಪ ಹಾಕಿ ಅಂಗೈಯಿಂದ ತಿಕ್ಕುತ್ತ ಕೂತರೆ, ಹಳದಿ ತುಪ್ಪ ನಿಧಾನಕ್ಕೆ ಬಿಳುಪೇರಿ, ಬೆಳಗಿನ ಹತ್ತಿಹೊಲದ ಹಾಗೆ ಅರಳಿತು. ಮೈದಾ, ಕಡಲೆಹಿಟ್ಟು, ಯಾಲಕ್ಕಿ. ಹನಿ ನೀರಿಲ್ಲ. ಒಂದೊಂದೇ ಉಂಡೆ ಕಟ್ಟಿ ನಡುವೆ ಹೆಬ್ಬೆರಳು ಒತ್ತಿದಳು. ಚಿಕ್ಕಂದಿನಲ್ಲಿ ಒನಕೆಯ ಏಟು ಬಿದ್ದು ಸೊಟ್ಟಗಾದ ಹೆಬ್ಬೆರಳು ಅದು. ಅವಳ ನಾನಕಟಾಯಿಯ ಕುಳಿ ಯಾವಾಗಲೂ ಒಂದು ಕಡೆ ವಾಲಿರುತ್ತಿತ್ತು.

ಅಗಲವಾದ ಪಾತೇಲಿಯ ತಳಕ್ಕೆ ಹಳ್ಳದ ಉಸುಕು, ಅದರ ಮೇಲೆ ತಾಟು, ತಾಟಿನ ಮೇಲೆ ಉಂಡೆಗಳು. ಪಾತೇಲಿಯ ಬಾಯಿಗೆ ರೊಟ್ಟಿ ಬೇಯಿಸುವ ಹಂಚು ಮುಚ್ಚಿ, ಹಂಚಿನ ತುಂಬ ಕೆಂಡ. ಕೆಳಗೂ ಬೆಂಕಿ, ಮೇಲೂ ಬೆಂಕಿ. ಸ್ವಲ್ಪ ಹೊತ್ತಿಗೆ ವಾಸನೆ ಬೀದಿಗೆ ಹರಿಯಿತು.

ಪ್ರತಿ ವರ್ಷ ಈ ಹೊತ್ತಿಗೆ ಶಂಕ್ರಪ್ಪ ಎದುರಿಗೆ ಬಂದು ಕೂರುತ್ತಿದ್ದ. ಮೊದಲನೆಯದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಇನ್ನೂ ಹಸಿ ಐತಿ" ಎನ್ನುತ್ತಿದ್ದ. ಬೆಂದಿತೋ ಇಲ್ಲವೋ ನೋಡಬೇಕೆಂದು ಎರಡನೆಯದೂ ಕೊಡಬೇಕಾಗುತ್ತಿತ್ತು. ಅದು ಹಸಿ ಇರುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ವಾಸನೆಯ ಬೆನ್ನು ಹತ್ತಿ ಮೊದಲು ಬಂದವಳು ಸಣ್ಣವ್ವ, ಈರಬಸಪ್ಪನ ಹೆಂಡತಿ. ಸೆರಗಿನ ಕೆಳಗೆ ಒಂದು ಡಾಲ್ಡಾ ಡಬ್ಬಿ ಮುಚ್ಚಿ ತಂದಿದ್ದಳು.

"ಯಕ್ಕಾ, ಸಿಟ್ಟಾಗಬ್ಯಾಡ. ಇವನ್ನ ಈ ಡಬ್ಬ್ಯಾಗ ಹಾಕಿ ಕೊಡು. ನಾ ನಮ್ಮನಿವು ಅಂತ ಹಂಚ್ತೀನಿ. ಓಣಿಯವರು ತಿಂತಾರ, ನಿನಗೂ ಸಮಾಧಾನ."

ಮಹಾದೇವಕ್ಕ ಒಂದು ನಾನಕಟಾಯಿ ಎತ್ತಿ ಅವಳ ಮುಂದೆ ಹಿಡಿದಳು. "ಈ ಕುಣಿ ನೋಡು. ನಿನ್ನ ಹೆಬ್ಬಟ್ಟಿಗೆ ಹಿಂಗ ಬೀಳತೈತೇನು?"

"ಕುಣಿ ಯಾರು ನೋಡ್ತಾರ ಬಿಡು."

"ನಾ ನೋಡ್ತೀನಿ."

ಸಣ್ಣವ್ವ ಖಾಲಿ ಡಬ್ಬಿ ಹಿಡಿದು ಹೋದಳು. ಮಹಾದೇವಕ್ಕ ಒಂದು ಬುಟ್ಟಿ ತುಂಬಿಕೊಂಡು ಎದುರು ಮನೆಗೆ ನಡೆದಳು. ಓಣಿಗೆಲ್ಲ ಹಿರಿಯಳಾದ, ಅವಳು ಅತ್ತೆ ಎಂದೇ ಕರೆಯುವ ರೇವವ್ವನ ಮನೆ ಅದು. ರೇವವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ಕಷ್ಟವಾಗಿತ್ತು.

"ಮುಂದಿನ ವರ್ಷ ಕೊಡವಾ. ನಾವೇನು ಎಲ್ಲಿ ಹೋಗ್ತೀವಿ?"

"ಕಡಾಯಿ ಇಟ್ಟಿಲ್ಲ, ಯತ್ತಿ. ಹನಿ ಎಣ್ಣಿ ಮುಟ್ಟಿಲ್ಲ. ಬೇಯಿಸಿದ್ದು ಇದು."

"ಖರೆ. ಆದ್ರ ಹಬ್ಬದ ತಿನಿಸು ಹೌದಲ್ಲ. ಸುಮ್ಮನ ಮನಿಗೆ ಹೋಗು. ನಿನಗ ನಾವ ಕಳಿಸ್ತೀವಿ."

ಮಹಾದೇವಕ್ಕ ತುಂಬಿದ ಬುಟ್ಟಿ ಹೊತ್ತೇ ಮರಳಿದಳು. ಬೀದಿ ಅಷ್ಟು ಅಗಲವಿದೆಯೆಂದು ಅವಳಿಗೆ ಹಿಂದೆಂದೂ ಅನಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೇಳಿದ ಹಾಗೆಯೇ ತಾಟುಗಳು ಬಂದವು. ರೇವವ್ವನ ಮನೆಯದು, ಕುರಿ ಸಾಕಿದ್ದ ಮೈಲಾರವ್ವನದು, ಮೂಲೆಮನೆಯದು, ಇನ್ನೂ ಎಷ್ಟೋ. ಕಡೆಗೆ ಸಣ್ಣವ್ವನ ತಾಟು. ಅದರಲ್ಲಿದ್ದ ಕರಿಗಡಬು ತನ್ನದೇ ಕಡಾಯಿಯಲ್ಲಿ ಕರಿದದ್ದೆಂದು ಮಹಾದೇವಕ್ಕನಿಗೆ ನೋಡಿದ ಕೂಡಲೇ ತಿಳಿಯಿತು. ಆ ಕಡಾಯಿಯ ತಳ ಒಂದು ಕಡೆ ತಗ್ಗು, ಅಲ್ಲಿ ಬಿದ್ದ ಕಡುಬು ಹೊಟ್ಟೆ ಕೆಂಪಗೆ ಮಾಡಿಕೊಳ್ಳುತ್ತದೆ. ಅವಳು ಎಲ್ಲವನ್ನೂ ಒಂದು ಡಬರಿಗೆ ಸುರುವಿಕೊಂಡು ತಾಟುಗಳನ್ನು ತೊಳೆಯಲು ಕೂತಳು. ಬೂದಿ ಹಚ್ಚಿ ತಿಕ್ಕಿದಳು, ಬಿಸಿಲಿಗೆ ಬೋರಲು ಹಾಕಿದಳು. ಸಾಲಾಗಿ ಹೊಳೆಯುತ್ತಿದ್ದ ಆ ಬರಿದಾದ ತಾಟುಗಳನ್ನು ನೋಡುತ್ತ ನೋಡುತ್ತ ಅವಳ ಕೈ ತಡೆಯಿತು.

ತನ್ನ ಬುಟ್ಟಿಯನ್ನು ಅವರು ತಿರುಗಿ ಕಳಿಸಬಹುದು. ತಮ್ಮ ಮನೆಯ ತಾಟನ್ನು ಹೇಗೆ ಬೇಡವೆನ್ನುತ್ತಾರೆ?

ತಾಟುಗಳಿಗೆ ನಾನಕಟಾಯಿ ತುಂಬಿ, ಬಿಸಿಲು ಇಳಿಯುವ ಮೊದಲೇ ಅವಳು ಹೊರಟಳು. ತಾಟಿಗೊಂದು ಅರಿವೆ ಹೊದಿಸಿರಲಿಲ್ಲ, ತೆರೆದೇ ಒಯ್ದಳು.

"ಯತ್ತಿ, ನಿಮ್ಮ ತಾಟು," ಎಂದಳು.

ರೇವವ್ವ ತಾಟನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. "ಬರೇ ತಾಟು ಕೊಡಬೇಕಬೇ ನೀ."

"ಕೈ ಬರ್ಲಿಲ್ಲರಿ. ಬ್ಯಾಡಾಗಿದ್ರ ತಾಟೂ ನನ್ನ ಕಡೆನ ಇರಲಿ."

ಅದು ರೇವವ್ವನ ತವರಿನ ತಾಟು, ಅಂಚಿಗೆ ಹೆಸರು ಕೆತ್ತಿಸಿದ್ದು. ಅವಳು ಕಡೆಗೆ ಕೈ ಚಾಚಿ ತಾಟು ತೆಗೆದುಕೊಂಡು, ಅದರ ಮೇಲೆ ಸೆರಗು ಮುಚ್ಚಿ ಒಳಗೆ ಹೋದಳು.

ಮೈಲಾರವ್ವ ಮಾತ್ರ ಹೊಟ್ಟೆ ಹಿಡಿದು ನಕ್ಕಳು. "ಯವ್ವಾ, ಎಂಥಾ ಹೆಣ್ಣಬೇ ನೀ," ಎನ್ನುತ್ತ ಅಲ್ಲೇ ನಿಂತು ಎರಡು ತಿಂದಳು. ಮೂಲೆಮನೆಯಾಕೆ ಅವಳ ಕಣ್ಣೆದುರಿಗೇ ನಾನಕಟಾಯಿಯನ್ನು ಎಮ್ಮೆಯ ಬಾನಿಗೆ ಸುರುವಿದಳು. ಮಹಾದೇವಕ್ಕ ಎಮ್ಮೆ ನೆಕ್ಕುವ ತನಕ ಕಾದು, "ನಾಳಿ ಹಾಲು ಸಿಹಿ ಬಂದ್ರ ನನ್ನ ನೆನಸು," ಎಂದು ಹೇಳಿಯೇ ಮುಂದೆ ನಡೆದಳು.

ಕೊನೆಯ ತಾಟು ಈರಬಸಪ್ಪನ ಮನೆಯದು. ಅವನು ಕಟ್ಟೆಯ ಮೇಲೆ ಕೂತು, ಮರುದಿನ ಪಾಡ್ಯದ ಹಟ್ಟಿಹಬ್ಬಕ್ಕೆ ಎತ್ತಿನ ಕೋಡು ಸವರುತ್ತಿದ್ದ. ತಾಟು ನೋಡಿದ, ಬೀದಿ ನೋಡಿದ. ಬೀದಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತಿದ್ದರು.

"ತಗೋ," ಎಂದಳು ಮಹಾದೇವಕ್ಕ. "ಓಣಿ ನೋಡ್ಲಿಕ್ಹತ್ತೈತಿ."

ಈರಬಸಪ್ಪ ಒಂದನ್ನು ತೆಗೆದ. ವಾಲಿದ ಕುಳಿಯ ಮೇಲೆ ಅವನ ಹೆಬ್ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಇಡಿಯಾಗಿ ಬಾಯಿಗೆ ಹಾಕಿಕೊಂಡ.

"ಹಸಿ ಐತೇನು?"

ಬಾಯಿ ತುಂಬಿದ್ದರಿಂದ ಅವನು ತಲೆ ಅಲ್ಲಾಡಿಸಿದ. ನುಂಗಿದ ಮೇಲೆ, "ಇಲ್ಲ, ಬರೋಬ್ಬರಿ ಐತಿ," ಎಂದ.

ಬರೋಬ್ಬರಿಯೇ ಇತ್ತು. ಆದರೂ ಬೇರೆ ಮಾತಿಗೆ ಕಾದಿತ್ತೇನೋ ಅವಳ ಕಿವಿ. ಕಣ್ಣು ತುಂಬುವ ಮೊದಲೇ ಅವಳು ತಾಟನ್ನು ಅವನ ಮಡಿಲಲ್ಲಿ ಇಟ್ಟು, ನೇರ ಅವನ ಅಡುಗೆಮನೆಗೆ ಹೋದಳು.

ಹೊರಬಂದಾಗ ಅವಳ ತಲೆಯ ಮೇಲೆ ಕಡಾಯಿ ಇತ್ತು.

"ವೈನಿ, ವರ್ಷ ತುಂಬಿಲ್ಲ ಇನ್ನೂ," ಎಂದ ಈರಬಸಪ್ಪ ಮೆಲ್ಲಗೆ.

"ಗೊತ್ತೈತಿ. ವರ್ಷ ತುಂಬೂ ತನಕ ನನ್ನ ಗೂಟದ ಮ್ಯಾಲೆ ಇರ್ತೈತಿ. ಇಡೂದು ಬಿಡೂದು ನಾ ನೋಡ್ಕೋತೀನಿ."

ಸಂದಿಯಿಂದ ಹೋದರೆ ಮನೆ ಹತ್ತಿರವಿತ್ತು. ಅವಳು ಬೀದಿಯ ನಟ್ಟನಡುವೆ ನಡೆದಳು. ಕಡಾಯಿಯ ಮಸಿ ನೆರೆತ ಕೂದಲಿಗೂ ಹಣೆಯ ವಿಭೂತಿಗೂ ಹತ್ತಿತು. ಅವಳು ಒರೆಸಿಕೊಳ್ಳಲಿಲ್ಲ.