ಪಾಸ್‌ವರ್ಡ್ ಅವರ ಬಾಯಲ್ಲೇ ಉಳಿಯಿತು

ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದಾಗ ನಮ್ಮ ಮನೆಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಮನೆಯ ನಡುಕೋಣೆಯಲ್ಲಿ, ಹೊಲಿಗೆ ಮೆಷಿನ್ ಇದ್ದ ಜಾಗದಲ್ಲಿ ಅದನ್ನು ಕೂರಿಸಿದ್ದರು. ಅವರು ಕಾರ್ಖಾನೆಯೊಂದರ ಡ್ರಾಯಿಂಗ್ ಸೆಕ್ಷನ್ನಿನಿಂದ ನಿವೃತ್ತರಾದವರು. ಯಾವ ಯಂತ್ರ ಬಂದರೂ ಅದರ ಜೊತೆಯ ಪುಸ್ತಕ ಓದಿ ಮುಗಿಸದೆ ಸ್ವಿಚ್ ಹಾಕುತ್ತಿರಲಿಲ್ಲ. ನಾನು ಹಾಗಲ್ಲ. ಮೊದಲ ತಿಂಗಳಲ್ಲೇ ಯಾರೋ ಕಳಿಸಿದ ದೀಪಾವಳಿ ಶುಭಾಶಯವನ್ನು ಒತ್ತಿ ವೈರಸ್ ತಂದಿಟ್ಟಿದ್ದೆ.

ಅದಾದ ಮೇಲೆ ಅವರು ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿದರು. ಅವರದು ಅಡ್ಮಿನಿಸ್ಟ್ರೇಟರ್. ನನ್ನದರಲ್ಲಿ ಮೇಲ್ ನೋಡಬಹುದು, ಪತ್ರಿಕೆ ಓದಬಹುದು. ಏನಾದರೂ ಡೌನ್‌ಲೋಡ್ ಮಾಡಬೇಕಿದ್ದರೆ ಅವರೇ ಬಂದು, ನನಗೆ ಬೆನ್ನು ತಿರುಗಿಸಿ ಪಾಸ್‌ವರ್ಡ್ ಹೊಡೆಯಬೇಕು. "ನಂಗೂ ಹೇಳ್ಬಿಡಿ" ಎಂದರೆ, "ನೀನು ಕರಿ, ನಾನಿದ್ದೀನಲ್ಲ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅದಕ್ಕಾಗಿ ಜಗಳ ಆಡುವಷ್ಟಲ್ಲ.

ಪಾರ್ಶ್ವವಾಯು ಬಲಗೈ, ಬಲಗಾಲಿನ ಜೊತೆಗೆ ಮಾತನ್ನೂ ಕಸಿದುಕೊಂಡಿತು. ಉಳಿದದ್ದು "ಹೂಂ" ಒಂದೇ. ಹೌದು ಎನ್ನಲಿಕ್ಕೂ ಹೂಂ, ಬೇಡ ಎನ್ನಲಿಕ್ಕೂ ಹೂಂ. ನಾನು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ಅದು ಕಣ್ಣಲ್ಲಿ ಕಾಣುತ್ತಿತ್ತು.

ಜೆ.ಪಿ. ನಗರದಲ್ಲಿ ಮಾತಿನ ಚಿಕಿತ್ಸೆ ಕೊಡುವ ತೆರಪಿಸ್ಟ್ ಒಬ್ಬಳಿದ್ದಳು. ವಾರಕ್ಕೆರಡು ದಿನ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಆಕೆ ಚೀಟಿಯಲ್ಲಿ ಒಂದು ವೆಬ್‌ಸೈಟಿನ ವಿಳಾಸ ಬರೆದುಕೊಟ್ಟಳು. "ಆಂಟಿ, ಇದನ್ನ ಡೌನ್‌ಲೋಡ್ ಮಾಡ್ಕೊಳ್ಳಿ. ಒಂದೊಂದೇ ಚಿತ್ರ ಬರತ್ತೆ, ಅಂಕಲ್ ಹತ್ರ ಹೆಸರು ಹೇಳಿಸ್ಬೇಕು. ದಿನಾ ಮಾಡಿಸಿ. ಮೊದಲ ಆರು ತಿಂಗಳು ತುಂಬ ಮುಖ್ಯ."

ಅದರಲ್ಲಿ ಆಗಲೇ ಎರಡು ತಿಂಗಳು ಕಳೆದಿತ್ತು. ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತು ಆ ವಿಳಾಸ ತೆರೆದು, ಡೌನ್‌ಲೋಡ್ ಹುಡುಕಿದೆ. ಒತ್ತಿದೆ. ನಿಮಗೆ ಅನುಮತಿಯಿಲ್ಲ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಅಡ್ಮಿನಿಸ್ಟ್ರೇಟರ್ ನನ್ನ ಹಿಂದೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು.

ಅವರ ಲಾಗಿನ್ ಪರದೆಗೆ ತಂದು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದು, ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟೆ. "ನಿಮ್ಮ ಪಾಸ್‌ವರ್ಡ್ ಹೊಡೀರಿ. ಎಡಗೈಲೇ, ನಿಧಾನವಾಗಿ" ಎಂದೆ. ಅವರು ಬೆರಳು ಚಾಚಿದರು. ಒಂದು ಅಕ್ಷರ ಒತ್ತಿ ತುಂಬ ಹೊತ್ತು ಯೋಚಿಸಿದರು. ಇನ್ನೊಂದು ಒತ್ತಿದರು. ತಪ್ಪು ಎಂದು ಬಂತು. ಮತ್ತೆ ತಪ್ಪು. ನಾಲ್ಕನೇ ಸಲ ಬೆರಳು ಕೀಲಿಗಳ ಮೇಲೆ ಸುಮ್ಮನೆ ಅಲೆದಾಡಿತು. ಅಕ್ಷರಗಳು ಎಲ್ಲಿವೆ ಎಂಬುದೇ ಮರೆತಿತ್ತು ಅನ್ನಿಸುತ್ತದೆ. ಅವರು ಕೀಬೋರ್ಡನ್ನು ನೂಕಿ ಅತ್ತರು. ನಮ್ಮ ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ನಾನು ಅವರ ಅಳು ನೋಡಿದ್ದು ಅದೇ ಮೊದಲು. ಏನು ಮಾಡಬೇಕೋ ತಿಳಿಯದೆ ಸೆರಗಿನಿಂದ ಅವರ ಮುಖ ಒರೆಸಿದೆ.

ಪಾಸ್‌ವರ್ಡ್ ಹೊಡೆಯುವ ಜಾಗದ ಪಕ್ಕ ಒಂದು ಪ್ರಶ್ನೆಚಿಹ್ನೆ ಇತ್ತು. ಒತ್ತಿದರೆ, ಮರೆತವರಿಗೆಂದು ಅವರೇ ಬರೆದಿಟ್ಟ ಸುಳಿವು ಕಾಣಿಸಿತು: ಎಂದಿನದೇ. ಮದುವೆಯ ದಿನ ಹಾಕಿ ನೋಡಿದೆ. ಸ್ಕೂಟರ್ ನಂಬರು, ಅವರ ಊರಿನ ಹೆಸರು, ಅತ್ತೆಯ ಹೆಸರು, ಕಾರ್ಖಾನೆಯ ಟೋಕನ್ ನಂಬರು ಎಲ್ಲ ಹಾಕಿದೆ. ಇಷ್ಟು ವರ್ಷ ಜೊತೆಗಿದ್ದೂ ಅವರ ಎಂದಿನದು ಯಾವುದೆಂದು ನನಗೆ ಗೊತ್ತಿರಲಿಲ್ಲ.

ವಾರ ಕಳೆದ ಮೇಲೆ ಪಕ್ಕದ ಮನೆಯವರು ಹೇಳಿದರೆಂದು ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ಬಂದರು. ನಲವತ್ತು ದಾಟಿದವರು, ಬಿಜಾಪುರದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮೊದಲು ನನ್ನ ಗಂಡನಿಗೆ ನಮಸ್ಕಾರ ಮಾಡಿದರು. ಸಮಾಚಾರವೆಲ್ಲ ಕೇಳಿ, "ಸಾಹೇಬ್ರನ್ನ ಒಂದ್ ಮಾತು ಕೇಳ್ರಿ ಅಕ್ಕಾರ" ಎಂದರು.

ನಾನು ಬಗ್ಗಿ ಕೇಳಿದೆ. "ಇವರು ಸರಿ ಮಾಡ್ತಾರೆ. ಮಾಡಿಸ್ಲಾ?"

"ಹೂಂ."

"ಬೇಡ್ವಾ?"

"ಹೂಂ."

ಇಬ್ಬರೂ ಅವರ ಮುಖ ನೋಡುತ್ತ ನಿಂತೆವು. ಕೊನೆಗೆ ನಾನೇ "ಮಾಡಿ" ಎಂದೆ.

ರಿಪೇರಿಯವರು ಕಂಪ್ಯೂಟರನ್ನು ಪಾಸ್‌ವರ್ಡ್ ಕೇಳದ ಬೇರೆ ದಾರಿಯಲ್ಲಿ ಶುರುಮಾಡಿ ಅದರೊಳಗೆ ಹೊಕ್ಕರು. ಅರ್ಧ ಗಂಟೆ ಆದ ಮೇಲೆ ಪರದೆ ತೋರಿಸಿದರು. ಗಂಡನ ಒಂದು ಫೋಲ್ಡರಿನಲ್ಲಿ ಕಡತಗಳ ಹೆಸರುಗಳೆಲ್ಲ ಹಸಿರು ಬಣ್ಣದಲ್ಲಿದ್ದವು. "ಇವಕ್ಕ ಸಾಹೇಬ್ರು ಬ್ಯಾರೆ ಕೀಲಿ ಹಾಕ್ಯಾರ್ರಿ. ಅವರ ಪಾಸ್‌ವರ್ಡ್ ಕಿತ್ತಿದ್ರ ಇವು ಮುಂದ ಎಂದೂ ತೆರಿಯಂಗಿಲ್ಲ. ಅದನ್ನ ಮುಟ್ಟೂದು ಬ್ಯಾಡ. ನಿಮ್ಮ ಲಾಗಿನ್ನಿಗೇ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡ್ತೀನ್ರಿ. ಅವರಿಗೆ ನೆನಪಾದ ದಿನ ಅವರೇ ತೆಗೀಲಿ."

ಹಾಗೇ ಮಾಡಿದರು. ಚಿತ್ರಗಳ ಪ್ರೋಗ್ರಾಮ್ ಇಳಿಯಿತು. ಆದರೆ ಆ ಹಸಿರು ಹೆಸರುಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ಬರೀ "ಪತ್ರ ಒಂದು", "ಪತ್ರ ಎರಡು" ಎಂದು ಹದಿನಾಲ್ಕರವರೆಗೆ. ಯಾರಿಗೆ ಬರೆದದ್ದೆಂದು ಗಂಡನನ್ನು ಒಮ್ಮೆ ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ, ಬಾಯಿ ತೆರೆದು, ಒದ್ದಾಡಿ, ಸುಸ್ತಾಗಿ ಕಣ್ಣು ಮುಚ್ಚಿದರು. ಮತ್ತೆ ಕೇಳಲಿಲ್ಲ. ಒಂದೂವರೆ ವರ್ಷದ ನಂತರ ಹಾರ್ಡ್‌ಡಿಸ್ಕ್ ಕೆಟ್ಟು ಅವೂ ಹೋದವು.

ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಚಿತ್ರ ತೋರಿಸುತ್ತಿದ್ದೆ. ತಟ್ಟೆ, ಹಸು, ಕೊಡೆ, ಬಾಚಣಿಗೆ. ತಿಂಗಳುಗಟ್ಟಲೆ ಏನೂ ಬರಲಿಲ್ಲ. ಒಂದು ದಿನ ಕೊಡೆಯ ಚಿತ್ರ ನೋಡಿ ಸ್ಪಷ್ಟವಾಗಿ "ಕೊಡೆ" ಎಂದರು. ನಾನು ಕೂಗಿ ಪಕ್ಕದ ಮನೆಯವರನ್ನೂ ಕರೆದೆ. ಮುಂದಿನ ಚಿತ್ರ ಹಸು. ಅದಕ್ಕೂ "ಕೊಡೆ" ಎಂದರು. ಬಾಚಣಿಗೆಯೂ ಕೊಡೆಯೇ. ತೆರಪಿಸ್ಟ್ "ಹೀಗೆ ಆಗತ್ತೆ ಆಂಟಿ" ಎಂದಳು.

ಅವರು ಇನ್ನೂ ನಾಲ್ಕು ವರ್ಷ ಇದ್ದರು. ಬಾಯಾರಿದರೂ ಕೊಡೆ, ನೋವಾದರೂ ಕೊಡೆ, ನನ್ನನ್ನು ಕರೆಯಬೇಕಾದರೂ ಅದೇ. ಅಡುಗೆಮನೆಯಲ್ಲಿ ಏನೇ ಮಾಡುತ್ತಿದ್ದರೂ ಆ ದನಿ ಕೇಳಿದ ಕೂಡಲೇ "ಬಂದೆ" ಎಂದು ಓಡುತ್ತಿದ್ದೆ. ಬಂದು ನಿಂತ ಮೇಲೆ ಅವರಿಗೆ ಏನು ಬೇಕೆಂಬುದು ಮಾತ್ರ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.